ಹನ್ನೆರಡು ಜೆರ್ಸಿ, ಒಂದು ಟಿ.ಸಿ.

ಈ ಸಲ ಅರೇಬಿಕಾ ಕೊಯ್ಲಿಗೆ ಅಂತ ಒಂದು ವಾರ ರಜೆ ಹಾಕಿ ಬಾಳ್ಳುಪೇಟೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಕೊಯ್ಲಿಗಿಂತ ಜಾಸ್ತಿ ಮೊಬೈಲ್ ನೋಡ್ಕೊಂಡು ಕೂತಿದ್ದೆ ಅನ್ನೋದು ಅಮ್ಮನ ದೂರು. ಮೂರನೇ ದಿನ ಸಂಜೆ ಕಣದಲ್ಲಿ ಹರವಿದ್ದ ಕಾಫಿ ಒಟ್ಟು ಮಾಡುವ ಹೊತ್ತಿಗೆ ಚಿಕ್ಕಪ್ಪನ ಮಗಳು ಫೋನ್ ಹಿಡ್ಕೊಂಡು ಬಂದಳು.

"ಅಣ್ಣ, ಇದನ್ನ ಓದು. ಆಮೇಲೆ ಅಪ್ಪಂಗೆ ನೀನೇ ಹೇಳು. ನಾನು ಹೇಳಿದ್ರೆ ಕೇಳಲ್ಲ."

ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಕಳಿಸಿದ ವಾಟ್ಸಾಪ್ ಮೆಸೇಜ್ ಅದು. ಅಂತರ ಕಾಲೇಜು ಟೂರ್ನಿಯಲ್ಲಿ ಇವಳ ಆಟ ನೋಡಿದ್ದರಂತೆ. ಫೀಸು ಪೂರ್ತಿ ಮಾಫಿ, ಹಾಸ್ಟೆಲ್ಲು ಊಟ ಎಲ್ಲಾ ಉಚಿತ. 'ಮುಂದಿನ ವರ್ಷಕ್ಕೆ ಬಂದುಬಿಡಿ, ಉಳಿದಿದ್ದು ನಾವು ನೋಡ್ಕೋತೀವಿ' ಅಂತ ಕೊನೆಯ ಸಾಲು.

ಅವಳು ಸಕಲೇಶಪುರದ ಒಂದು ಪದವಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಬೆಳಿಗ್ಗೆ ಕೆಂಪು ಬಸ್ಸು ಹತ್ತಿದರೆ ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಲೇಬೇಕು. ನಮ್ಮ ಕಡೆ ಆಮೇಲೆ ರಸ್ತೆ ಆನೆಗಳದ್ದು. 'ತೋಟದ ಅಂಚಿನಲ್ಲಿ ಮೂರು ಇದಾವೆ' ಅಂತ ಊರಿನ ಗ್ರೂಪ್‌ನಲ್ಲಿ ಮೆಸೇಜ್ ಬಂದ ದಿನ ಅವಳ ಪ್ರಾಕ್ಟೀಸು ಅರ್ಧಕ್ಕೇ ನಿಲ್ಲುತ್ತದೆ. ಅಂಥವಳಿಗೆ ರಾತ್ರಿ ಎಂಟರವರೆಗೆ ಲೈಟ್ ಉರಿಯುವ ಮರದ ನೆಲದ ಕೋರ್ಟ್ ಅಂದ್ರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಚಿಕ್ಕಪ್ಪನಿಗೆ ಹೇಳಿದೆ. ಅವರು ತಲೆ ಎತ್ತದೆ ಕಾಫಿ ಎಳೀತಾನೇ ಹೇಳಿದ್ರು: "ಈಗಿರೋ ಕಾಲೇಜಿಗೆ ಏನಾಗೈತೆ? ಅರ್ಧಕ್ಕೆ ಬಿಟ್ಟೋಗಿ ಆ ಕಡೇನೂ ಇಲ್ಲ ಈ ಕಡೇನೂ ಇಲ್ಲ ಅಂತಾಗ್‌ಬುಟ್ರೆ? ನೀನು ಓದ್ದೋನಲ್ವೇನಪ್ಪ, ಸರಿಯಾಗಿ ವಿಚಾರ್ಸಿ ಹೇಳು."

ಸಾಫ್ಟ್‌ವೇರ್ ಎಂಜಿನಿಯರಿಗೂ ಇದಕ್ಕೂ ಏನು ಸಂಬಂಧ ಅಂತ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಹಳೇ ಬಾಕಿಯೊಂದು ನನ್ನ ಮೇಲಿತ್ತು.

ಬಾಟಲಿ ತುಂಬಿಸಿದ ಪಾಯಿಂಟ್ ಗಾರ್ಡ್

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮ ಕಾಲೇಜು ಟೀಮಿನಲ್ಲಿದ್ದೆ. ದೊಡ್ಡ ಪ್ಲೇಯರ್ ಏನಲ್ಲ, ಬೆಂಚಿಗೂ ಕೋರ್ಟಿಗೂ ನಡುವೆ ಓಡಾಡ್ಕೊಂಡಿದ್ದವನು. ಟೀಮಿನ ನಿಜವಾದ ಬಲ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಹುಡುಗರು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಆಡಿ ಬಂದಿರುತ್ತಿದ್ದರು, ಮೈಕಟ್ಟೇ ಬೇರೆ. ಹೊಸಬರು ಯಾರು ಬಂದ್ರು ಅಂತ ಪಿಡಿ ಸರ್ ಪ್ರತಿ ವರ್ಷ ಲ್ಯಾಟರಲ್ ಎಂಟ್ರಿ ಲಿಸ್ಟನ್ನೇ ಮೊದಲು ನೋಡುತ್ತಿದ್ದರು.

ನಮ್ಮ ಪಾಯಿಂಟ್ ಗಾರ್ಡ್ ಕೂಡ ಹಾಗೆ ಬಂದವನು. ನಾವು ಮೂರನೇ ವರ್ಷಕ್ಕೆ ಬಂದಾಗ ಅವನಿಗೆ ಇಯರ್ ಬ್ಯಾಕ್ ಆಯ್ತು. ರೂಮಿನಲ್ಲೇ ಇದ್ದು ಉಳಿದ ಸಬ್ಜೆಕ್ಟು ಓದುತ್ತಾ ಸಂಜೆ ನಮ್ಮ ಜೊತೆ ಪ್ರಾಕ್ಟೀಸ್ ಮಾಡುತ್ತಿದ್ದ. ಅವನನ್ನು ನಂಬಿಕೊಂಡೇ ನಮ್ಮ ಎಲ್ಲಾ ಪ್ಲಾನು. ಜೋನಲ್ ಟೂರ್ನಿಗೆ ಮೂರು ದಿನ ಇರುವಾಗ ಅರ್ಹತಾ ಫಾರಂಗೆ ಪ್ರಾಂಶುಪಾಲರ ಸಹಿ ಹಾಕಿಸಲು ಹೋದ ಪಿಡಿ ಸರ್ ವಾಪಸ್ ಬಂದು, "ಅವನ ಹೆಸರು ಈ ವರ್ಷದ ರೋಲ್‌ನಲ್ಲೇ ಇಲ್ಲ ಕಣ್ರಪ್ಪ" ಅಂದರು. ಮೂರು ತಿಂಗಳಿಂದ ದಿನಾ ಜೊತೆಯಲ್ಲಿದ್ದ ನಮ್ಮಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಆದರೂ ಅವನು ನಮ್ಮ ಜೊತೆ ಬಂದ. ಮೊದಲ ಮ್ಯಾಚಲ್ಲೇ ಸೋತೆವು. ಸ್ಕೋರು ಮರೆತಿದ್ದೇನೆ. ಟೈಮ್‌ಔಟ್‌ನಲ್ಲಿ ನೀರಿನ ಬಾಟಲಿ ತುಂಬಿಸಿ ತಂದು, ಯಾರ ಮುಖವನ್ನೂ ನೋಡದೆ ಒಬ್ಬೊಬ್ಬರಿಗೇ ಕೊಟ್ಟಿದ್ದನ್ನು ಮರೆತಿಲ್ಲ. ಆ ಸಂಜೆಯ ನಂತರ ಅವನು ಬಾಲ್ ಮುಟ್ಟಿದ್ದನ್ನು ನಾನು ನೋಡಲೇ ಇಲ್ಲ.

ಅದಕ್ಕೇ ತಂಗಿಯ ವಿಷಯ ಬಂದಾಗ ಎರಡು ರಾತ್ರಿ ಕೂತು ರೂಲು ಓದಿದೆ. ನಮ್ಮದನ್ನೂ ಓದಿದೆ, ಅಮೆರಿಕದ್ದನ್ನೂ ಓದಿದೆ. ಅಮೆರಿಕ ಯಾಕೆ ಅಂದ್ರೆ, ಕಾಲೇಜು ಆಟಗಾರರು ಕಾಲೇಜು ಬದಲಿಸುವ ಪ್ರಶ್ನೆಯನ್ನು ಅವರಷ್ಟು ದೂರ ಎಳೆದವರು ಬೇರೆ ಯಾರೂ ಇಲ್ಲ.

ಅಲ್ಲಿ ಬಾಗಿಲು ತೆರೆದಾಗ

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅಲ್ಲಿ ಹಿಂದೆ ಬ್ಯಾಸ್ಕೆಟ್‌ಬಾಲ್ ಆಟಗಾರ ಡಿಗ್ರಿ ಮಧ್ಯೆ ಕಾಲೇಜು ಬದಲಿಸಿದರೆ ಹೊಸ ಕಾಲೇಜಿನಲ್ಲಿ ಒಂದು ವರ್ಷ ಆಡುವಂತಿರಲಿಲ್ಲ. ಪ್ರಾಕ್ಟೀಸ್ ಮಾಡಬಹುದು, ಮ್ಯಾಚ್ ದಿನ ಪ್ಯಾಂಟು ಶರ್ಟು ಹಾಕ್ಕೊಂಡು ಬೆಂಚಲ್ಲಿ ಕೂರಬೇಕು. ಬೇರೆ ಕಾಲೇಜಿನವರ ಜೊತೆ ಮಾತಾಡುವುದಕ್ಕೂ ಹಳೇ ಕಾಲೇಜಿನ ಒಪ್ಪಿಗೆ ಬೇಕಿತ್ತು. ಕೋಚ್ ಮಾತ್ರ ಜಾಸ್ತಿ ಸಂಬಳ ಸಿಕ್ಕಿದ ಕಡೆಗೆ ಯಾವಾಗ ಬೇಕಾದರೂ ಹೋಗಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮ್ಯಾನೇಜರ್‌ಗೆ ನೋಟಿಸ್ ಪೀರಿಯಡ್ ಇಲ್ಲ, ಫ್ರೆಷರ್‌ಗೆ ಒಂದು ವರ್ಷದ ಬಾಂಡು.

ಇದು ಒಂದೊಂದೇ ಹಂತವಾಗಿ ಸಡಿಲವಾಯ್ತು. 2018ರ ಅಕ್ಟೋಬರ್‌ನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. ಹೆಸರು ಹಾಕಿಸಿದರೆ ಸಾಕು, ಯಾವ ಕಾಲೇಜಿನವರಾದರೂ ಸಂಪರ್ಕಿಸಬಹುದು, ಒಪ್ಪಿಗೆ ಕೇಳಬೇಕಿಲ್ಲ. 2021ರಲ್ಲಿ, ಒಂದು ಸಲ ಬದಲಿಸಿದರೆ ವರ್ಷ ಕೂರಬೇಕಿಲ್ಲ ಅಂತಾಯ್ತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತು ಹಣ ಗಳಿಸಲೂ ದಾರಿಯಾಯ್ತು. ಕೋವಿಡ್ ವರ್ಷ ಲೆಕ್ಕಕ್ಕಿಲ್ಲ ಅಂತ ಒಂದು ವರ್ಷ ಹೆಚ್ಚಿಗೆ ಆಡುವ ಅವಕಾಶ ಬೇರೆ. ಕೋರ್ಟುಗಳು ಮಧ್ಯೆ ಬಂದ ಮೇಲೆ 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯ್ತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ರಾಜಿ ಒಪ್ಪಂದದ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲಾ ಆಟ ಸೇರಿ ಸುಮಾರು 2.05 ಕೋಟಿ ಡಾಲರ್. ಈ ಒಪ್ಪಂದ ಒಪ್ಪಿದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 15ಕ್ಕಿಂತ ಹೆಚ್ಚು ಜನ ಇರುವಂತಿಲ್ಲ.

ಪರಿಣಾಮ ನೋಡಿ. 2024ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಬೇರೆ ಕಡೆ ಹೋದರು. ಹೊಸ ಕೋಚ್ ಮಾರ್ಕ್ ಪೋಪ್ ಬರುವ ಹೊತ್ತಿಗೆ ಸ್ಕಾಲರ್‌ಶಿಪ್ ಇದ್ದ ಹಳೇ ಆಟಗಾರ ಒಬ್ಬನೂ ಉಳಿಯಲಿಲ್ಲ. ಇಡೀ ತಂಡವನ್ನು ಸೊನ್ನೆಯಿಂದ ಕಟ್ಟಬೇಕಾಯ್ತು. 2025ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿ ಚಾಂಪಿಯನ್ ಆದದ್ದು ಫ್ಲೋರಿಡಾ. ಅದರ ಮೂವರು ಮುಖ್ಯ ಗಾರ್ಡ್‌ಗಳು ವಾಲ್ಟರ್ ಕ್ಲೇಟನ್, ಅಲೈಜಾ ಮಾರ್ಟಿನ್, ವಿಲ್ ರಿಚರ್ಡ್. ಮೂವರೂ ಬೇರೆ ಬೇರೆ ಸಣ್ಣ ಕಾಲೇಜುಗಳಲ್ಲಿ ಬೆಳೆದು ಅಲ್ಲಿಗೆ ಬಂದವರು.

ಆ ಮೂರು ಹುಡುಗರ ಕಡೆಯಿಂದ ನೋಡಿದರೆ ಇದು ಖುಷಿಯ ಕಥೆ. ಅವರು ಬಿಟ್ಟು ಬಂದ ಕಾಲೇಜುಗಳ ಕಡೆಯಿಂದ ನೋಡಿದರೆ? 2025ರ ಅದೇ ಟೂರ್ನಿಯ ಕೊನೆಯ 16 ತಂಡಗಳಲ್ಲಿ ಸಣ್ಣ ಲೀಗಿನ ಒಂದು ತಂಡವೂ ಇರಲಿಲ್ಲ. ಎಲ್ಲವೂ ದುಡ್ಡಿರುವ ನಾಲ್ಕು ದೊಡ್ಡ ಲೀಗುಗಳವು.

ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದ ಸುದ್ದಿ ನಮ್ಮ ತಂಗಿಗೆ ಬಾಯಿಪಾಠ. "ನಾನೂ ಹೋಗಬಹುದಲ್ವಾ?" ಅಂತ ಕೇಳಿದಳು. ಹೋಗಬಹುದು. ಆದರೆ ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಬಿಗಿ ಷರತ್ತು ಇರೋದರಿಂದ ಆ ಹೊಸ ಹಣ ವಿದೇಶದ ಮಕ್ಕಳ ಕೈಗೆ ಸುಲಭವಾಗಿ ಸಿಗುವುದಿಲ್ಲ. ಬಾಗಿಲು ಎಲ್ಲರಿಗೂ ಒಂದೇ ಅಳತೆಗೆ ತೆರೆದಿಲ್ಲ.

ನಮ್ಮಲ್ಲಿ ಗೆರೆ ಎಳೆಯುವವರು ಯಾರು?

ನಮ್ಮಲ್ಲಿ ಪೋರ್ಟಲ್ ಇಲ್ಲ. ಟಿ.ಸಿ. ಇದೆ, ಮೈಗ್ರೇಷನ್ ಸರ್ಟಿಫಿಕೇಟ್ ಇದೆ, ಕೌಂಟರ್ ಮುಂದೆ ಕಾಯುವುದಿದೆ. ಅಂತರ ವಿಶ್ವವಿದ್ಯಾಲಯ ಟೂರ್ನಿಗಳ ರೂಲು ಮಾಡೋದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಪೂರ್ಣಾವಧಿ ಕೆಲಸದಲ್ಲಿ ಇರಬಾರದು, ವಯಸ್ಸು 25ರೊಳಗೆ ಇರಬೇಕು, ಪಿಯುಸಿ ಮುಗಿಸಿ ಇಷ್ಟು ವರ್ಷದೊಳಗೆ ಇರಬೇಕು. ಒಂದೇ ಶೈಕ್ಷಣಿಕ ವರ್ಷದಲ್ಲಿ ಎರಡು ವಿಶ್ವವಿದ್ಯಾಲಯಗಳ ಪರವಾಗಿ ಆಡುವಂತಿಲ್ಲ.

ಇದೆಲ್ಲಾ ಆಟಗಾರರ ಮೇಲಿನ ರೂಲು. ಆದರೆ ನಮ್ಮ ತಂಡಗಳನ್ನು ಅದಕ್ಕಿಂತ ಜಾಸ್ತಿ ಬದಲಿಸೋದು ಇನ್ನೊಂದು: ಯಾವ ಕಾಲೇಜು ಯಾವ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ ಅನ್ನೋದು.

ನಮ್ಮ ಜಿಲ್ಲೆಯನ್ನೇ ತಗೊಳ್ಳಿ. ಹಾಸನದ ಪದವಿ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹನ್ನೆರಡು ಜನ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ನಾಲ್ಕೂ ಜಿಲ್ಲೆಯ ಹುಡುಗಿಯರು ಆ ಹನ್ನೆರಡು ಜೆರ್ಸಿಗೆ ಪೈಪೋಟಿ ಮಾಡಬೇಕಿತ್ತು. ಸಕಲೇಶಪುರದ ಹುಡುಗಿ ಮೈಸೂರಿನ ಟ್ರಯಲ್ಸ್‌ಗೆ ಹೋಗಬೇಕು ಅಂದ್ರೆ ಹಿಂದಿನ ದಿನವೇ ಹೊರಡಬೇಕು, ಜೊತೆಗೆ ಮನೆಯವರೊಬ್ಬರು ಹೋಗಬೇಕು, ಅದೂ ಕೊಯ್ಲಿನ ಟೈಮಲ್ಲಿ. 2023ರಲ್ಲಿ ಹೇಮಗಂಗೋತ್ರಿ ಕೇಂದ್ರವೇ ಹಾಸನ ವಿಶ್ವವಿದ್ಯಾಲಯ ಆಯ್ತು. ಮಂಡ್ಯ, ಚಾಮರಾಜನಗರಕ್ಕೂ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಲೆಕ್ಕದ ಮೇಲೆ ಹನ್ನೆರಡು ಇದ್ದದ್ದು ನಲವತ್ತೆಂಟು ಆಯ್ತು. ಯಾವ ಹುಡುಗಿಯೂ ರಾತ್ರೋರಾತ್ರಿ ಚೆನ್ನಾಗಿ ಆಡಲು ಕಲಿಯಲಿಲ್ಲ, ಗೆರೆ ಬದಲಾಯ್ತು ಅಷ್ಟೆ.

2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಣದ ಕೊರತೆಯ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಪರ, ವಿರೋಧ ಚರ್ಚೆಯೆಲ್ಲಾ ಪಿಂಚಣಿ, ಅನುದಾನ, ಕಟ್ಟಡದ ಮೇಲೆ ನಡೆಯಿತು. ಜೆರ್ಸಿಯ ಲೆಕ್ಕ ಯಾರೂ ತೆಗೆಯಲಿಲ್ಲ. ತೆಗೆಯಬೇಕು ಅಂತ ಕೇಳೋದೂ ಕಷ್ಟ. ಪಾಠಕ್ಕೇ ದುಡ್ಡಿಲ್ಲ ಅನ್ನುವಾಗ ಆಟದ ಮಾತು ಯಾರಿಗೆ ಬೇಕು?

ಇನ್ನೊಂದು ಗೆರೆ ಡಿಗ್ರಿಯದ್ದು. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ನಾಲ್ಕನೇ ವರ್ಷದ ಆನರ್ಸ್ ಓದುವ ಅವಕಾಶ ಇತ್ತು. ಆಟಗಾರರಿಗೆ ಅದು ಅದೇ ಕಾಲೇಜಿನಲ್ಲಿ ಇನ್ನೊಂದು ಸೀಸನ್. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಬಂತು. ನಮ್ಮ ತಂಗಿ ಸೇರಿದ್ದು ಅದೇ ವರ್ಷ.

ಇದರ ಪಕ್ಕದಲ್ಲೇ ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿವೆ. ಅವು ಯಾವ ಜಿಲ್ಲೆಯ ಆಯ್ಕೆಗೂ ಕಾಯಬೇಕಿಲ್ಲ, ತಮ್ಮ ಕ್ಯಾಂಪಸ್ಸಿನ ಹನ್ನೆರಡು ಜನರನ್ನೇ ನೇರ ಕಳಿಸಬಹುದು. ಆದ್ದರಿಂದ ಒಳ್ಳೆಯ ಆಟಗಾರರನ್ನು ಹುಡುಕಿ, ಫೀಸು ಮಾಫಿ ಮಾಡಿ ಕರೆದುಕೊಳ್ಳುವುದು ಅವರಿಗೆ ಲಾಭ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಪದಕ ಪಟ್ಟಿಯ ಮೊದಲ ಸ್ಥಾನ ಆತಿಥೇಯ ಜೈನ್ ವಿಶ್ವವಿದ್ಯಾಲಯದ್ದು. ಶಿರಾಡಿ ಘಾಟಿ ಇಳಿದರೆ ಮೂಡುಬಿದಿರೆಯ ಆಳ್ವಾಸ್ ಇದೆ. ಕ್ರೀಡಾ ದತ್ತು ಯೋಜನೆಯಲ್ಲಿ ಉಚಿತ ಓದು, ಊಟ, ತರಬೇತಿ. ಇಂಥ ಕಡೆ ಸೇರಿ ಬದುಕು ಕಟ್ಟಿಕೊಂಡ ಬಡವರ ಮಕ್ಕಳು ಬೇಕಾದಷ್ಟಿದ್ದಾರೆ. ಅದನ್ನು ತಪ್ಪು ಅನ್ನಲಾರೆ.

ಪಿಡಿ ಸರ್ ಮುಂದೆ

ಮಾರನೇ ದಿನ ತಂಗಿ ಜೊತೆ ಅವಳ ಕಾಲೇಜಿಗೆ ಹೋದೆ. ಪಿಡಿ ಸರ್ ಕೋಪ ಮಾಡ್ಕೋತಾರೆ ಅಂತ ಅವಳಿಗೆ ಭಯ. ಪಿಯುಸಿಯಲ್ಲಿ ಥ್ರೋಬಾಲ್ ಆಡ್ತಿದ್ದವಳ ಕೈಗೆ ಬ್ಯಾಸ್ಕೆಟ್‌ಬಾಲ್ ಕೊಟ್ಟವರೇ ಅವರು. ಮೆಸೇಜ್ ಓದಿ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೋಗ್ಲಿ ಬಿಡಿ. ನಾನು ಹಿಡ್ಕೊಂಡು ಕೂತ್ರೆ ಅವಳಿಗೆ ಏನು ಕೊಡ್ತೀನಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋರ್ಟ್ ತುಂಬಾ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸ್ತೀನಿ, ಎರಡು ದಿನಕ್ಕೆ ಮತ್ತೆ ಬರುತ್ತೆ. ಜಾರಿ ಬಿದ್ದು ಮಂಡಿ ಹೋದ್ರೆ ಯಾರು ಹೊಣೆ?"

ಆಮೇಲೆ ಕಿಟಕಿಯಿಂದ ಕೋರ್ಟಿನ ಕಡೆ ನೋಡುತ್ತಾ ಹೇಳಿದ್ರು: "ಒಂದೇ ಬೇಜಾರು. ನಮ್ ಟೀಮಲ್ಲಿ ಇರೋದೇ ಆರು ಜನ. ಇವಳು ಹೋದ್ರೆ ಐದು. ಒಬ್ಬಳಿಗೆ ಜ್ವರ ಬಂತು ಅಂದ್ರೆ ಎಂಟ್ರಿನೇ ಇಲ್ಲ. ಉಳಿದೋರು ಏನ್ ತಪ್ಪು ಮಾಡಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡ ತಂಡ ಒಬ್ಬಳನ್ನು ಪಡೆದರೆ ಅದರ ಬೆಂಚು ಒಂದು ಹೆಸರು ಉದ್ದವಾಗುತ್ತದೆ. ಸಣ್ಣ ತಂಡ ಒಬ್ಬಳನ್ನು ಕಳೆದುಕೊಂಡರೆ ತಂಡವೇ ಇಲ್ಲವಾಗಬಹುದು.

ಫುಟ್‌ಬಾಲ್‌ನಲ್ಲಿ ಇದಕ್ಕೊಂದು ದಾರಿ ಇದೆ. ವೃತ್ತಿಪರ ಆಟಗಾರನನ್ನು ಒಂದು ದೇಶದ ಕ್ಲಬ್ಬು ಇನ್ನೊಂದಕ್ಕೆ ಮಾರಿದಾಗ, ಆ ಹಣದಲ್ಲಿ ಶೇ 5ರಷ್ಟು ಭಾಗ 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹೋಗಬೇಕು ಅನ್ನೋದು ಫಿಫಾ ನಿಯಮ. ಕಾಲೇಜು ಆಟದಲ್ಲಿ ಅಂಥದ್ದು ಅಮೆರಿಕದಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನನಗನಿಸೋದು ಇಷ್ಟು: ಹುಡುಗಿಯನ್ನು ಕಟ್ಟಿಹಾಕುವ ರೂಲು ಬೇಡ. ಅವಳ ವಯಸ್ಸು, ಅವಳ ಮಂಡಿ, ಅವಳ ನಿರ್ಧಾರ. ಆದರೆ ಕಳಿಸಿಕೊಟ್ಟ ಕಾಲೇಜಿಗೂ ಏನಾದರೂ ಬರಬೇಕು. ಹಣವೇ ಆಗಬೇಕಿಲ್ಲ. ನಾಲ್ಕು ಬಾಲ್, ಬೇಸಿಗೆಯಲ್ಲಿ ಒಂದು ವಾರದ ಕ್ಯಾಂಪು, ಪದಕ ಬಂದಾಗ ಮೊದಲ ಕಾಲೇಜಿನ ಹೆಸರು ಕೂಡ ಹೇಳುವ ಸೌಜನ್ಯ. ಇಷ್ಟಾದರೂ ಬರೆದಿಟ್ಟ ನಿಯಮವಾಗಲಿ.

ಟಿ.ಸಿ. ತಗೊಳ್ಳೋ ಮುಂಚೆ

ಹೊರಡುವಾಗ ಪಿಡಿ ಸರ್, "ವಾಟ್ಸಾಪ್‌ನಲ್ಲಿ ಬಂದಿದ್ದನ್ನ ಲೆಟರ್‌ಹೆಡ್‌ನಲ್ಲಿ ಕೇಳಿ" ಅಂದರು. ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬ ತಮ್ಮನೋ ತಂಗಿಯೋ ಇದ್ದರೆ ಉಪಯೋಗಕ್ಕೆ ಬರಬಹುದು.

1. ಫೀಸು ಮಾಫಿ ಡಿಗ್ರಿ ಮುಗಿಯುವವರೆಗೋ, ಒಂದೊಂದು ವರ್ಷಕ್ಕೋ? ಗಾಯವಾದರೆ ಅಥವಾ ತಂಡಕ್ಕೆ ಆಯ್ಕೆಯಾಗದಿದ್ದರೆ ಏನು?

2. ಯಾವ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ? ಹಳೇ ಕಾಲೇಜಿನ ವಿಷಯಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾ?

3. ಈ ವರ್ಷ ಈಗಿರುವ ವಿಶ್ವವಿದ್ಯಾಲಯದ ಪರ ಆಡಿದ್ದರೆ, ಹೊಸ ಕಡೆ ಯಾವ ತಾರೀಖಿನಿಂದ ಆಡಬಹುದು?

4. ವಯಸ್ಸು ಮತ್ತು ಪಿಯುಸಿ ಪಾಸಾದ ವರ್ಷದ ಪ್ರಕಾರ ಇನ್ನೂ ಎಷ್ಟು ಸೀಸನ್ ಉಳಿದಿದೆ?

5. ಅಡ್ಮಿಷನ್ ಖಾತ್ರಿಯಾಗುವ ಮುಂಚೆ ಟಿ.ಸಿ. ತಗೊಂಡರೆ, ಆ ಕಡೆ ಕೈಕೊಟ್ಟಾಗ ಈ ಕಡೆ ವಾಪಸ್ ಸೇರಿಸಿಕೊಳ್ಳುತ್ತಾರಾ?

ಎರಡು ದಿನ ಬಿಟ್ಟು ಉತ್ತರ ಬಂತು, ಲೆಟರ್‌ಹೆಡ್ ಇಲ್ಲದೆ. ಮಾಫಿ ವರ್ಷ ವರ್ಷ ನೋಡಿ ಕೊಡೋದು. ಸಿಲಬಸ್ ಬೇರೆ ಇರೋದರಿಂದ ಮತ್ತೆ ಮೊದಲ ವರ್ಷಕ್ಕೇ ಸೇರಬೇಕಾಗಬಹುದು. 'ಅದೇನ್ ದೊಡ್ಡ ವಿಷಯ ಅಲ್ಲ, ಆಡೋಕೆ ಇನ್ನೂ ಜಾಸ್ತಿ ವರ್ಷ ಸಿಗುತ್ತೆ' ಅಂತ ಒಂದು ಸಾಲು.

ಆಟದ ಲೆಕ್ಕದಲ್ಲಿ ಅದು ನಿಜ. ಬಿ.ಕಾಂ. ಲೆಕ್ಕದಲ್ಲಿ ಎರಡು ವರ್ಷ ನೀರಿಗೆ ಹೋದ ಹಾಗೆ.

ಆಗ ಅಮೆರಿಕದ ಹಳೇ ರೂಲೊಂದು ನೆನಪಾಯ್ತು. ವರ್ಷ ಕೂರಬೇಕು ಅನ್ನೋ ಬಿಗಿ ಇದ್ದ ಕಾಲದಲ್ಲೂ, ಡಿಗ್ರಿ ಮುಗಿಸಿ ಇನ್ನೂ ಆಡುವ ವರ್ಷ ಉಳಿದಿದ್ದವರು ಬೇರೆ ಕಾಲೇಜಿನಲ್ಲಿ ಪಿಜಿಗೆ ಸೇರಿ ತಕ್ಷಣ ಆಡಬಹುದಿತ್ತು. ನಮ್ಮ ರೂಲಿನಲ್ಲೂ ಅದಕ್ಕೆ ಜಾಗ ಇದೆ. ತಂಗಿ ಬಿ.ಕಾಂ. ಮುಗಿಸುವಾಗ ಅವಳಿಗೆ 21. ಎಂ.ಕಾಂ.ಗೆ ಅದೇ ಬೆಂಗಳೂರಿಗೆ ಹೋದರೂ 25ರ ಗೆರೆಯೊಳಗೇ ಎರಡು ವರ್ಷ ಆಡಬಹುದು, ಓದಿನ ಒಂದು ದಿನವೂ ಹೋಗುವುದಿಲ್ಲ.

ಪೇಪರ್ ಮೇಲೆ ಬರೆದು ತೋರಿಸಿದೆ. ಚಿಕ್ಕಪ್ಪ, "ಇದು ಸರಿ ಕಣಪ್ಪ" ಅಂತ ಎದ್ದು ಹೋದರು. ಅವಳು ಏನೂ ಹೇಳಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಇಲ್ಲ. ನಾನು ಬಸ್ ಹತ್ತುವಾಗ ಮಾತ್ರ, "ಒಂದೂವರೆ ವರ್ಷ ಆದ್ಮೇಲೂ ಅವರು ಕರೀತಾರೆ ಅಂತ ಗ್ಯಾರಂಟಿ ಇದ್ಯಾ ಅಣ್ಣ?" ಅಂದಳು.

ಇಲ್ಲ. ಗ್ಯಾರಂಟಿ ಇಲ್ಲ. ಲೆಕ್ಕ ಸರಿಯಿದೆ, ಸಲಹೆ ಸರಿಯಿದೆಯೋ ಇಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಹತ್ತೊಂಬತ್ತರ ವಯಸ್ಸಲ್ಲಿ ಬಂದ ಕರೆ ಇಪ್ಪತ್ತೊಂದಕ್ಕೆ ಬರದೇ ಇರಬಹುದು. ಆದರೆ ಈ ಸಲ ಪ್ರಶ್ನೆಗಳನ್ನು ಟೂರ್ನಿಗೆ ಮೂರು ದಿನ ಇರುವಾಗ ಕೇಳಲಿಲ್ಲ. ನಿರ್ಧಾರ ಮಾಡುವ ಮುಂಚೆ ಎಲ್ಲಾ ರೂಲು ಅವಳ ಕಣ್ಣ ಮುಂದೆ ಇತ್ತು. ನಮ್ಮ ಪಾಯಿಂಟ್ ಗಾರ್ಡ್‌ಗೆ ನಾವು ಅಷ್ಟೂ ಮಾಡಿರಲಿಲ್ಲ.

ಕಳೆದ ವಾರ ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಅವಳ ಮೆಸೇಜ್ ಬಂತು.

"ಅಣ್ಣ, ಫಸ್ಟ್ ಇಯರ್ ಇಂದ ಇಬ್ರು ಪ್ರಾಕ್ಟೀಸಿಗೆ ಬರ್ತಿದಾರೆ. ಈಗ ಎಂಟು ಜನ."

ಅದರ ಹಿಂದೆಯೇ ಇನ್ನೊಂದು: "ಊರಿಗೆ ಬರ್ತಾ ಒಂದು ಬಾಲ್ ತಗೊಂಬಾ. ಸೈಜ್ ಆರು. ಹೋದ್ಸಲದ ಥರ ಏಳು ತರಬೇಡ."